ಎರಡು ಅಲಗಿನ ಮಟ್ಟೆ: ಬಾಮಾರ 'ಕರುಕ್ಕು' ಮತ್ತು ಭರವಸೆಯ ಪ್ರಶ್ನೆ

ನಮ್ಮ ಸಾಹಿತ್ಯದಲ್ಲಿ ಖಿನ್ನತೆಗೂ ಒಂದು ಜಾತಿ ಇದೆ. ನವ್ಯದ ಕಾಲದಲ್ಲಿ ಅದು ಪೇಟೆಯ, ಇಂಗ್ಲಿಷ್ ಓದಿದ, ಮೇಲ್ಜಾತಿ ಗಂಡಸಿನ ಸ್ವತ್ತಾಗಿತ್ತು. ಅವನು ಕೋಣೆಯಲ್ಲಿ ಕೂತು ಬದುಕಿಗೆ ಅರ್ಥವಿಲ್ಲ ಎಂದು ಕೊರಗಿದರೆ ವಿಮರ್ಶಕರು ಅದನ್ನು ಅನಾಥಪ್ರಜ್ಞೆ ಎಂದರು, ಪರಕೀಯತೆ ಎಂದರು, ಅದರ ಮೇಲೆ ಸೆಮಿನಾರು ಮಾಡಿದರು. ಕೇರಿಯ ಹೆಂಗಸೊಬ್ಬಳು ಮೂರು ದಿನ ಉಣ್ಣದೆ ಗೋಡೆ ನೋಡಿಕೊಂಡು ಕೂತರೆ ಮಂಕು ಬಡಿದಿದೆ ಅಂದರು, ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ತಂದರು. ನಾಲ್ಕನೇ ದಿನ ಅವಳು ಕೂಲಿಗೆ ಹೋಗಲೇಬೇಕಿತ್ತು. ಅವಳ ಒಳಗಿನ ಕತ್ತಲೆಗೆ ಯಾವ ವಿಮರ್ಶಕನೂ ಹೆಸರಿಡಲಿಲ್ಲ.

ಈ ಕತ್ತಲೆಯನ್ನು ಹೆಸರಿಟ್ಟು ಬರೆದ ಪುಸ್ತಕ ಬಂದದ್ದು ತಮಿಳಿನಲ್ಲಿ. ಬಾಮಾ ಅವರ 'ಕರುಕ್ಕು', 1992. ನಮ್ಮಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬರುವುದಕ್ಕೆ ಎರಡು ವರ್ಷ ಮೊದಲು. ಲಕ್ಷ್ಮೀ ಹೋಮ್‌ಸ್ಟ್ರಾಮ್ ಅವರ ಇಂಗ್ಲಿಷ್ ಅನುವಾದ 2000ದಲ್ಲಿ ಬಂತು. ನಾವು ಓದಿದ್ದು ಅದನ್ನೇ. ಪಕ್ಕದ ಮನೆಯ ಮಾತನ್ನು ದೊರೆಗಳ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕಾದ ಸ್ಥಿತಿ ನಮ್ಮದು.

ಈ ಪುಸ್ತಕವನ್ನು ಜಾತಿಯ ಅವಮಾನದ ಕಥೆಯಾಗಿ ಎಲ್ಲರೂ ಓದಿದ್ದಾರೆ. ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ಮನಸ್ಸು ಕುಸಿದು ಬಿದ್ದ ಒಬ್ಬ ದಲಿತ ಹೆಂಗಸಿಗೆ ಅವಳ ಕ್ರೈಸ್ತ ನಂಬಿಕೆ ಏನು ಮಾಡಿತು? ಕೈ ಹಿಡಿಯಿತೇ, ಕೈ ಬಿಟ್ಟಿತೇ? ಚರ್ಚಿನವರು ಕೈ ಹಿಡಿಯಿತು ಎನ್ನುತ್ತಾರೆ. ನಮ್ಮ ನಾಸ್ತಿಕ ಗೆಳೆಯರು ದೇವರೆಂಬುದೇ ಅಫೀಮು, ಮಾತೇ ಬೇಡ ಎನ್ನುತ್ತಾರೆ. ಇಬ್ಬರೂ ಪುಸ್ತಕವನ್ನು ಪೂರ್ತಿ ಓದಿಲ್ಲ ಎಂಬುದು ನಮ್ಮ ಅನುಮಾನ.

ಬಾಮಾ ಹುಟ್ಟಿದ್ದು 1958ರಲ್ಲಿ, ಈಗಿನ ವಿರುಧುನಗರ ಜಿಲ್ಲೆಯ ಪುದುಪಟ್ಟಿಯಲ್ಲಿ, ಪರಯರ ಕ್ಯಾಥೊಲಿಕ್ ಮನೆಯಲ್ಲಿ. ಮನೆತನ ಕ್ರೈಸ್ತವಾದರೂ ಕೇರಿ ಕೇರಿಯಾಗಿಯೇ ಉಳಿಯಿತು. ಶಾಲೆಯಿಂದ ಬರುತ್ತಿದ್ದ ಹುಡುಗಿ ತನ್ನ ಕೇರಿಯ ಹಿರಿಯನೊಬ್ಬ ತಿಂಡಿಯ ಪೊಟ್ಟಣವನ್ನು ದಾರದಲ್ಲಿ ನೇತಾಡಿಸಿಕೊಂಡು ಜಮೀನ್ದಾರನಿಗೆ ಒಯ್ಯುವುದನ್ನು ಕಂಡು ನಕ್ಕಳು. ಕೈ ತಾಗಿದರೆ ಮೈಲಿಗೆ, ಅದಕ್ಕೇ ದಾರ ಎಂದು ಅಣ್ಣ ಬಿಡಿಸಿ ಹೇಳಿದಾಗ ನಗು ನಿಂತುಹೋಯಿತು. ಓದು, ಎಲ್ಲರಿಗಿಂತ ಮುಂದೆ ಬಾ ಎಂದ ಅಣ್ಣ. ಹುಡುಗಿ ಓದಿದಳು, ಟೀಚರಾದಳು. ಆಮೇಲೆ ಬಡಮಕ್ಕಳಿಗಾಗಿ ದುಡಿಯಬೇಕೆಂದು ಕನ್ಯಾಮಠ ಸೇರಿದಳು.

ಅಲ್ಲಿ ಕಂಡದ್ದೇನು? ಸೇವೆಯ ಹೆಸರಿನ ಶಾಲೆಗಳಲ್ಲಿ ಕೂತವರು ಉಳ್ಳವರ ಮಕ್ಕಳು. ಕಸ ಗುಡಿಸುವವರು, ಕಕ್ಕಸು ತೊಳೆಯುವವರು ಕೇರಿಯವರು. ಆ ಜನರ ಬಗ್ಗೆ ಸಿಸ್ಟರುಗಳ ಬಾಯಲ್ಲಿ ತಾತ್ಸಾರದ ಮಾತು. ಬಡತನದ ಪ್ರತಿಜ್ಞೆ ಮಾಡಿದವರು ಉಣ್ಣುವ ಊಟ ಕೇರಿಯ ಹಬ್ಬದಲ್ಲೂ ಕಾಣದ್ದು. ಕೆಲವು ಸಂಘಗಳು ದಲಿತ ಹೆಣ್ಣುಗಳನ್ನು ಸೇರಿಸಿಕೊಳ್ಳುವುದೇ ಇಲ್ಲ ಎಂಬುದೂ ಅಲ್ಲೇ ಕಿವಿಗೆ ಬಿತ್ತು. ಏಳು ವರ್ಷ ತಡೆದು 1992ರಲ್ಲಿ ಬಾಮಾ ಹೊರಗೆ ಬಂದರು. ಕೈಯಲ್ಲಿ ಕೆಲಸವಿಲ್ಲ, ಕಾಸಿಲ್ಲ, ಊರಿನಲ್ಲಿ ಹೇಳಿಕೊಳ್ಳುವ ಮುಖವಿಲ್ಲ. ಬದುಕು ಬೇಡ ಎನಿಸುವಷ್ಟು ಮನಸ್ಸು ಮುದುಡಿದ ಆ ದಿನಗಳಲ್ಲೇ 'ಕರುಕ್ಕು' ಹುಟ್ಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗೆಳೆಯರೇ. ಚರ್ಚು ಬಾಮಾಗೆ ಸಾಂತ್ವನ ಹೇಳದೆ ಇರಲಿಲ್ಲ. ಬೇಕಾದಷ್ಟು ಹೇಳಿತು. ತಾಳಿಕೋ, ವಿಧೇಯಳಾಗಿರು, ನಿನ್ನ ಶಿಲುಬೆಯನ್ನು ನೀನೇ ಹೊರು, ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ. ಆ ಸಾಂತ್ವನವೇ ರೋಗವನ್ನು ಬೆಳೆಸಿತು ಎಂಬುದು ನಮ್ಮ ಓದು. ಹೊರಗಿನ ಅನ್ಯಾಯವನ್ನು ಅದು ಒಳಗಿನ ಪಾಪವನ್ನಾಗಿ ಮಾಡಿತು. ಸಿಟ್ಟು ಬರಬೇಕಾದಲ್ಲಿ ಅಪರಾಧಭಾವ ಬಂತು. ಹೊಡೆಸಿಕೊಂಡವಳೇ ಕ್ಷಮೆ ಕೇಳುವಂತಾದರೆ ಯಾರ ಮನಸ್ಸು ತಾನೇ ನೆಟ್ಟಗಿದ್ದೀತು? ಇದನ್ನು ಪಾದ್ರಿ ಹೇಳಿದರೂ ಒಂದೇ, ಕರ್ಮ ಸಿದ್ಧಾಂತ ಹೇಳುವ ಪುರೋಹಿತ ಹೇಳಿದರೂ ಒಂದೇ.

ಹಾಗಾದರೆ ಬಾಮಾ ಬೈಬಲ್ಲನ್ನು ಎಸೆದರೇ? ಇಲ್ಲ. ಪುಸ್ತಕದ ಹೆಸರನ್ನೇ ನೋಡಿ. ಕರುಕ್ಕು ಅಂದರೆ ತಾಳೆಮಟ್ಟೆಯ ಅಂಚು. ಎರಡೂ ಬದಿಯಲ್ಲಿ ಗರಗಸದ ಹಲ್ಲು. ಸೌದೆಗೆಂದು ಮಟ್ಟೆ ಆಯುವಾಗ ಮೈಕೈ ಗೀರಿಸಿಕೊಂಡ ನೆನಪು ಬಾಮಾರದ್ದು. ಮುನ್ನುಡಿಯಲ್ಲಿ ಅವರು ಈ ಮಟ್ಟೆಯನ್ನು ಇಬ್ರಿಯರಿಗೆ ಬರೆದ ಪತ್ರದಲ್ಲಿ ಬರುವ ಎರಡು ಅಲಗಿನ ಕತ್ತಿಗೆ ಹೋಲಿಸುತ್ತಾರೆ. ಅಲ್ಲಿ ಕತ್ತಿಯೆಂದರೆ ದೇವರ ಮಾತು. ಹಕ್ಕು ಕಳೆದುಕೊಂಡ ದಲಿತರೇ ಆ ಮಾತಾಗಿ ಕಲ್ಲುಮನಸ್ಸುಗಳನ್ನು ಇರಿಯಬೇಕು ಎಂದು ಅದರ ಅರ್ಥವನ್ನು ಕೇರಿಯ ಕಡೆಗೆ ತಿರುಗಿಸುತ್ತಾರೆ. ಸಿಸ್ಟರುಗಳು ಕಲಿಸಿದ ಯೇಸು ತಲೆ ತಗ್ಗಿಸಿದವನು. ಬಾಮಾ ತಾವೇ ಓದಿ ಕಂಡುಕೊಂಡ ಯೇಸು ಬಡವರ ಪಕ್ಷದವನು, ಅನ್ಯಾಯ ಕಂಡರೆ ಸಿಟ್ಟಾಗುವವನು. ಇವನನ್ನು ನಮಗೆ ಯಾಕೆ ತೋರಿಸಲಿಲ್ಲ ಎಂಬುದು ಅವರ ಪ್ರಶ್ನೆ.

ಭರವಸೆ ಬಂದದ್ದು ಈ ಜಾಗದಿಂದ. ನಿನ್ನ ನೋವಿಗೆ ನೀನು ಕಾರಣಳಲ್ಲ ಎಂದು ಹೇಳುವ ನಂಬಿಕೆ ಕುಸಿದವಳನ್ನು ಎಬ್ಬಿಸುತ್ತದೆ. ಸಹಿಸು ಎನ್ನುವ ನಂಬಿಕೆ ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಎರಡೂ ಒಂದೇ ಪುಸ್ತಕ ಹಿಡಿದು ಬರುತ್ತವೆ. ಬರೆಯಲು ಹುರಿದುಂಬಿಸಿದವರಲ್ಲಿ ಪಾದ್ರಿಯೊಬ್ಬರೂ ಇದ್ದರು ಎಂಬುದನ್ನೂ ಮರೆಯಬಾರದು. ಅಫೀಮು ಎಂಬ ಒಂದೇ ಪದದಲ್ಲಿ ಇದನ್ನೆಲ್ಲ ಮುಗಿಸುವ ಗೆಳೆಯರು ಇದಕ್ಕೆ ಉತ್ತರ ಹೇಳಬೇಕು. ಅಂಬೇಡ್ಕರ್ 1935ರಲ್ಲಿ ಹಿಂದುವಾಗಿ ಸಾಯಲಾರೆ ಎಂದವರು 1956ರಲ್ಲಿ ಬುದ್ಧನ ಬಳಿಗೆ ನಡೆದರಲ್ಲ, ಧರ್ಮದ ಹಸಿವು ಅವರಿಗೂ ಗೊತ್ತಿತ್ತು.

ನಂಬಿಕೆಯ ಜೊತೆಗೆ ಕೇರಿಯೂ ಇದೆ. ಸ್ಮಶಾನದ ಜಾಗಕ್ಕಾಗಿ ನಡೆದ ಜಗಳದಲ್ಲಿ ಪೊಲೀಸರು ಕೇರಿಯ ಗಂಡಸರನ್ನು ಬೇಟೆಯಾಡುತ್ತಾರೆ. ತಲೆಮರೆಸಿಕೊಂಡ ತಂದೆಯೊಬ್ಬನಿಗೆ ಸೀರೆ ಉಡಿಸಿ, ಸತ್ತ ಮಗನ ಮಣ್ಣಿಗೆ ಹೆಂಗಸರೇ ಕರೆತರುತ್ತಾರೆ. ಆ ದುಃಖದಲ್ಲೂ ಅಷ್ಟು ಉಪಾಯ, ಅಷ್ಟು ಧೈರ್ಯ. ಮಕ್ಕಳು ಧಣಿ-ಆಳು ಆಟ ಆಡಿ ಧಣಿಯನ್ನೇ ಅಣಕಿಸುತ್ತಾರೆ. ಕನ್ಯಾಮಠ ಬಾಮಾರಿಂದ ಕಿತ್ತುಕೊಂಡದ್ದು ಈ ಜನರನ್ನು. ಕೇರಿಯ ಆಡುಮಾತಿನಲ್ಲಿ ಬರೆದಾಗ ಅವರು ಮತ್ತೆ ಸಿಕ್ಕರು. ಮೊದಮೊದಲು ಊರವರು ಸಿಟ್ಟಾದದ್ದೂ ಉಂಟು.

ಪುಸ್ತಕದಲ್ಲಿ ಕೊರತೆ ಇಲ್ಲವೆಂದಲ್ಲ. ಕನ್ಯಾಮಠದ ಭಾಗಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಕೇರಿಯ ಮುದುಕಿಯರು ಒಬ್ಬೊಬ್ಬರೂ ಕಣ್ಣಿಗೆ ಕಟ್ಟಿದರೆ ಸಿಸ್ಟರುಗಳು ಮುಖವಿಲ್ಲದ ಗುಂಪಾಗುತ್ತಾರೆ. ಆದರೆ ಕೊನೆ ಪ್ರಾಮಾಣಿಕವಾದದ್ದು. ಸಾಕ್ಷಿ ಹೇಳುವವರ ಹಾಗೆ ಕತ್ತಲೆ ಹೋಯಿತು, ಬೆಳಕು ಬಂತು ಎಂದು ಬಾಮಾ ಹೇಳುವುದಿಲ್ಲ. ಮುಂದೇನು ಎಂದು ತಿಳಿಯದೆಯೇ ಪುಸ್ತಕ ನಿಲ್ಲುತ್ತದೆ. ಬರವಣಿಗೆ ತನ್ನ ಗಾಯ ಮಾಯಿಸಿತು ಎಂಬ ಮಾತು ಬರುವುದು ವರ್ಷಗಳು ಕಳೆದ ಮೇಲೆ.

ಹೊರಗಿನ ಲೆಕ್ಕವೂ ಬಾಕಿ ಇದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರನ್ನು ಸೇರಿಸಲಿಲ್ಲ. ಚರ್ಚಿನಲ್ಲಿ ಅವನು ಪರಯ, ಸರ್ಕಾರದ ಕಾಗದದಲ್ಲಿ ಪರಯನಲ್ಲ. ಇಂಥವನಿಗೆ ಮನಸ್ಸು ಕುಗ್ಗಿದರೆ ಪ್ರಾರ್ಥನೆ ಮಾಡು ಅನ್ನುವುದು ಸುಲಭ.

ಈ ಮಾತು ನಮಗೆ ತಮಿಳುನಾಡಿನ ಸುದ್ದಿಯಾಗಿ ಉಳಿಯಬಾರದು. ನಮ್ಮ ಹಾಸ್ಟೆಲುಗಳಲ್ಲಿ, ಮನೆತನದಲ್ಲೇ ಮೊದಲ ಸಲ ಕಾಲೇಜು ಕಂಡ ಹುಡುಗರು, ಹುಡುಗಿಯರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಹೋರಾಟಗಾರನಿಗೆ ಖಿನ್ನತೆ ಎಂಥದ್ದು, ಅದು ಮಧ್ಯಮವರ್ಗದ ಚಾಳಿ ಎಂದು ನಮ್ಮ ಸಭೆಗಳಲ್ಲೂ ಹೇಳುವವರಿದ್ದಾರೆ. ಇದು ಸಹಿಸು ಎನ್ನುವ ಪಾದ್ರಿಯ ಮಾತಿನ ತಮ್ಮನೇ. ಆ ಬಾಗಿಲು ಬಡಿಯಿರಿ, ಜೊತೆಗೆ ಕೂತು ಉಣ್ಣಿರಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಅವಳು ಬೈಬಲ್ಲೋ, ಬುದ್ಧನ ಪಟವೋ, ಮಂಟೇಸ್ವಾಮಿಯ ಹೆಸರೋ ಹಿಡಿದುಕೊಂಡಿದ್ದರೆ ಕಿತ್ತುಕೊಳ್ಳಬೇಡಿ. ಅದು ಅವಳಿಗೆ ತಲೆ ತಗ್ಗಿಸಲು ಹೇಳುತ್ತಿದೆಯೋ, ಎದ್ದು ನಿಲ್ಲಲು ಹೇಳುತ್ತಿದೆಯೋ ಎಂದಷ್ಟೇ ಕೇಳಿ.