ಹಿಮಮಾರುತದಲ್ಲಿ ಪಟ್ಟಿ ಓದುವವರು

ಒಂದು ಬಾನುಲಿ ಕೇಂದ್ರದ ಗುಣಮಟ್ಟವನ್ನು ಅದರ ಸಂಗೀತದ ಆಯ್ಕೆಯಿಂದಲೋ ಉದ್ಘೋಷಕರ ಕಂಠದಿಂದಲೋ ಅಳೆಯುವುದು ರಸಿಕರ ವಾಡಿಕೆಯಾದರೂ, ಉತ್ತರ ಅಮೆರಿಕದ ಪ್ರಸಾರಗಳನ್ನು ಗಮನವಿಟ್ಟು ಆಲಿಸುವವರು ಅದಕ್ಕಿಂತ ಕಠಿಣವಾದ ಇನ್ನೊಂದು ಒರೆಗಲ್ಲನ್ನು ಬಲ್ಲರು; ಅದು ಬ್ಲಿಝರ್ಡ್, ಅಂದರೆ ಹಿಮಮಾರುತ. ಭಾರೀ ಹಿಮ ಬಿದ್ದ ಮಾತ್ರಕ್ಕೆ ಈ ಹೆಸರು ಸಲ್ಲುವುದಿಲ್ಲ. ಗಾಳಿ ಗಂಟೆಗೆ ಸುಮಾರು 56 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಬೀಸುತ್ತ, ಹಾರಾಡುವ ಹಿಮದಿಂದಾಗಿ 400 ಮೀಟರ್ ಆಚೆಗಿನದು ಕಾಣದ ಸ್ಥಿತಿ ಕನಿಷ್ಠ ಮೂರು ಗಂಟೆ ಮುಂದುವರಿದರೆ ಮಾತ್ರ ಅಮೆರಿಕದ ಹವಾಮಾನ ಇಲಾಖೆ ಅದನ್ನು ಬ್ಲಿಝರ್ಡ್ ಎಂದು ಪರಿಗಣಿಸುತ್ತದೆ.

1978ರ ಫೆಬ್ರವರಿ 6, ಸೋಮವಾರದಂದು ಬಾಸ್ಟನ್ ನಗರಕ್ಕೆ ಬಂದೆರಗಿದ್ದು ಇಂಥದೇ ಮಾರುತ. ಮುನ್ಸೂಚನೆ ಇದ್ದರೂ ಬೆಳಗಿನ ಹೊತ್ತಿಗೆ ಹಿಮ ಬೀಳತೊಡಗದ ಕಾರಣ ಜನ ಎಂದಿನಂತೆ ಕೆಲಸಕ್ಕೆ ಹೊರಟುಹೋದರು. ಮರಳುವಾಗ ನಗರವನ್ನು ಬಳಸಿ ಹೋಗುವ 128ನೇ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರುಗಳೂ ಸುಮಾರು ಐನೂರು ಲಾರಿಗಳೂ ಹೂತುಹೋದವು. ಮರುದಿನ ರಾತ್ರಿಯ ವೇಳೆಗೆ ನಗರದಲ್ಲಿ ಸುಮಾರು 69 ಸೆಂಟಿಮೀಟರ್ ಹಿಮ ಬಿದ್ದಿತ್ತು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ರಾಜ್ಯಪಾಲ ಮೈಕೇಲ್ ಡುಕಾಕಿಸ್ ವಾಹನ ಸಂಚಾರವನ್ನೇ ನಿಷೇಧಿಸಿದರು. ರಸ್ತೆ ನಡುವೆ ಸಿಲುಕಿದವನಿಗೆ ಆ ಕಾಲದಲ್ಲಿ ಹೊರಜಗತ್ತಿನೊಂದಿಗೆ ಉಳಿದಿದ್ದ ನಂಟು ಬಹುಮಟ್ಟಿಗೆ ಕಾರಿನ ರೇಡಿಯೊ ಒಂದೇ. ಚಳಿ ತಡೆಯಲು ಎಂಜಿನ್ ಚಾಲೂ ಇಟ್ಟುಕೊಂಡು ಕೂತವರ ಕಾರಿನ ಹೊಗೆ ಕೊಳವೆಯನ್ನು ಹಿಮ ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ತುಂಬಿ ಪ್ರಾಣ ತೆಗೆಯುತ್ತದೆ. ಹಾಗೆ ಸತ್ತವರೂ ಆ ಹೆದ್ದಾರಿಯಲ್ಲಿದ್ದರು. ಇಂಥ ಹೊತ್ತಿನಲ್ಲಿ ‘ಆಗಾಗ ಇಳಿದು ಕೊಳವೆಯ ಬಾಯಿ ಬಿಡಿಸಿ’ ಎಂಬ ಒಂದು ವಾಕ್ಯವನ್ನು ಬೇಸರವಿಲ್ಲದೆ ಹೇಳುತ್ತಲೇ ಇರುವುದು ಉದ್ಘೋಷಕರ ಪರಮ ಕರ್ತವ್ಯವಾಗುತ್ತದೆ.

ಹಿಮದ ದಿನದ ಪ್ರಸಾರದ ಬೆನ್ನೆಲುಬು ಮಾತ್ರ ರಜೆ ಸಾರಿದ ಶಾಲೆಗಳ ಪಟ್ಟಿಯ ಓದು. ಕರ್ನಾಟಕದಲ್ಲಿ ಮಳೆಗಾಲದ ರಜೆಯನ್ನು ಜಿಲ್ಲಾಧಿಕಾರಿ ಇಡೀ ಜಿಲ್ಲೆಗೋ ತಾಲ್ಲೂಕಿಗೋ ಒಂದೇ ಆದೇಶದಲ್ಲಿ ಘೋಷಿಸುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಾದರೆ ಒಂದೊಂದು ಊರಿನ ಶಾಲಾ ಆಡಳಿತವೂ ತನ್ನ ನಿರ್ಧಾರವನ್ನು ತಾನೇ ಮಾಡುವುದರಿಂದ ಓದಬೇಕಾದ ಹೆಸರುಗಳ ಸಾಲು ಬಹಳ ಉದ್ದವಾಗುತ್ತದೆ. ಸುಳ್ಳು ರಜೆ ಘೋಷಿಸಲು ಹವಣಿಸುವ ಮಕ್ಕಳ ಫೋನ್ ಕರೆಗಳನ್ನು ತಡೆಯಲು ಕೇಂದ್ರಗಳು ಪ್ರತಿ ಶಾಲೆಗೂ ಗುಟ್ಟಿನ ಸಂಕೇತವೊಂದನ್ನು ಕೊಟ್ಟಿರುತ್ತಿದ್ದವು. ಈ ಪಟ್ಟಿಯನ್ನು ಅಕಾರಾದಿಯಾಗಿ, ಒಂದೇ ಲಯದಲ್ಲಿ, ಯಾವ ಊರಿನ ಉಚ್ಚಾರಣೆಯೂ ಕೆಡದಂತೆ ಓದುವುದು ಸಾಮಾನ್ಯ ಕೆಲಸವಲ್ಲ. ಓದುವವನು ಅವಸರಪಟ್ಟರೆ ಹೆಸರು ತಪ್ಪುತ್ತದೆ, ನಿಧಾನಿಸಿದರೆ ಕೊನೆಯ ಊರಿನವರು ಕಾದು ಸೋಲುತ್ತಾರೆ. ನಾಟಕೀಯ ವರದಿಗಾರಿಕೆಗಿಂತ ಈ ಓದಿನಲ್ಲಿಯೇ ನಿಜವಾದ ಕಸುಬುದಾರಿಕೆ ಕಾಣುತ್ತದೆ.

ಧ್ವನಿ ಕೇಳಿಸುವುದು ಉದ್ಘೋಷಕರದಾದರೂ, ಅದು ಹೊರಡುವುದು ಎಂಜಿನಿಯರುಗಳ ದುಡಿಮೆಯಿಂದ. ಮಧ್ಯಮ ತರಂಗದ, ಅಂದರೆ ಮೀಡಿಯಂ ವೇವ್‌ನ, ಪ್ರಸಾರದಲ್ಲಿ ಉಕ್ಕಿನ ಗೋಪುರವೇ ಆಂಟೆನಾ. ಸಾಮಾನ್ಯವಾಗಿ ಅದು ಪಿಂಗಾಣಿಯ ನಿರೋಧಕವೊಂದರ ಮೇಲೆ ನಿಂತಿರುತ್ತದೆ. ಗೋಪುರದ ಬುಡದಲ್ಲಿ ಒದ್ದೆ ಹಿಮ ಪೇರಿಕೊಂಡರೆ ವಿದ್ಯುತ್ ಸಮತೋಲ ಕೆಡುವ ಅಪಾಯವಿರುವುದರಿಂದ ಸಲಿಕೆ ಹಿಡಿದು ಅದನ್ನು ಬಿಡಿಸಬೇಕು. ಎಫ್‌ಎಂ ಆಂಟೆನಾದ ಮೇಲೆ ಮಂಜುಗಡ್ಡೆ ಕಟ್ಟಿದರೆ ಶಕ್ತಿಯ ಒಂದು ಪಾಲು ಹಿಂದಕ್ಕೆ ಮರಳುತ್ತದೆ. ಮಾಪಕದ ಮುಳ್ಳು ಏರುತ್ತಿದ್ದಂತೆ ಟ್ರಾನ್ಸ್‌ಮಿಟರ್ ತನ್ನನ್ನು ತಾನು ಕಾಪಾಡಿಕೊಳ್ಳಲು ಪ್ರಸಾರದ ಬಲವನ್ನು ತಗ್ಗಿಸುತ್ತದೆ. ಬಾಸ್ಟನ್ನಿನ 1030 ಕಿಲೋಹರ್ಟ್ಸ್‌ನ ಡಬ್ಲ್ಯುಬಿಝಡ್ ಕೇಂದ್ರದ 50 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಇರುವುದು ಹಲ್ ಎಂಬ ಕಡಲ ತೀರದ ಊರಿನಲ್ಲಿ. ಉಪ್ಪುನೀರಿನ ಜೌಗು ನೆಲ ವಿದ್ಯುತ್ತನ್ನು ಚೆನ್ನಾಗಿ ವಹಿಸುವುದರಿಂದ ಮಧ್ಯಮ ತರಂಗಕ್ಕೆ ಅಂಥ ಜಾಗವೇ ಉತ್ತಮ. ಆದರೆ 1978ರಲ್ಲಿ ಅಮಾವಾಸ್ಯೆಯ ಉಬ್ಬರ ಮಾರುತದೊಡನೆ ಸೇರಿ ನುಗ್ಗಿ ಬಂದಾಗ ಜಲಾವೃತವಾದ ಊರುಗಳಲ್ಲಿ ಹಲ್ ಕೂಡ ಒಂದು. ಪ್ರಸಾರಕ್ಕೆ ಅನುಕೂಲವಾದ ನೆಲವೇ ಬಿರುಗಾಳಿಗೆ ಮೊದಲು ತುತ್ತಾಗುವ ಈ ವಿಪರ್ಯಾಸ ಎಂಜಿನಿಯರುಗಳ ಪಾಲಿಗೆ ಇಂದಿಗೂ ತಪ್ಪಿಲ್ಲ.

ರಾತ್ರಿಯ ಹೊತ್ತು ಮಧ್ಯಮ ತರಂಗಗಳು ಮೇಲಿನ ಅಯಾನುಗೋಳದಿಂದ ಪ್ರತಿಫಲಿಸಿ ದೂರದೂರಕ್ಕೆ ಹರಡಿ ಇತರ ಕೇಂದ್ರಗಳಿಗೆ ಅಡ್ಡಿಯಾಗುವುದರಿಂದ, ಅಮೆರಿಕದ ಅನೇಕ ಸಣ್ಣ ಕೇಂದ್ರಗಳು ಸೂರ್ಯಾಸ್ತದ ನಂತರ ಬಲ ಇಳಿಸಬೇಕು, ಕೆಲವು ಮೌನವಾಗಲೇಬೇಕು. ಆದರೆ ಪ್ರಾಣ ಮತ್ತು ಆಸ್ತಿಯ ರಕ್ಷಣೆಗೆ ಅಗತ್ಯವಾದಾಗ, ಜಾಹೀರಾತಿಲ್ಲದೆ, ಹಗಲಿನ ಪೂರ್ಣ ಸಾಮರ್ಥ್ಯವನ್ನು ರಾತ್ರಿಯಲ್ಲೂ ಬಳಸಲು ಅಲ್ಲಿನ ಫೆಡರಲ್ ಸಂವಹನ ಆಯೋಗದ ನಿಯಮ ಅವಕಾಶ ಕೊಡುತ್ತದೆ. ಆ ನಿಯಮ ಹೆಸರಿಸುವ ತುರ್ತುಗಳಲ್ಲಿ ಭಾರೀ ಹಿಮಪಾತವೂ ಇದೆ, ಶಾಲೆಗಳ ರಜೆಯೂ ಇದೆ. ದೂರದ ಕೇಂದ್ರಗಳನ್ನು ಹಿಡಿಯುವ ಹವ್ಯಾಸಿಗಳಿಗೆ, ಬೇರೆ ರಾತ್ರಿಗಳಲ್ಲಿ ಕೇಳಿಸದ ಪುಟ್ಟ ಊರೊಂದರ ದನಿ ದಕ್ಕುವುದು ಇಂಥ ರಾತ್ರಿಗಳಲ್ಲಿಯೇ.

2022ರ ಕ್ರಿಸ್‌ಮಸ್ ವೇಳೆ ಬಫಲೋ ನಗರದಲ್ಲಿ ಮಾರುತ ಬೀಸಿದಾಗ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೇ ಹೊರಡಲಾರದೆ ನಿಂತವು. ನಗರ ಹಾಗೂ ಅದರ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ವೇಳೆ ‘ನೆರವು ಬರುತ್ತಿದೆ’ ಎಂಬ ಸುಳ್ಳು ಸಾಂತ್ವನವನ್ನು ಬಾನುಲಿ ಹೇಳಕೂಡದು. ಯಾವ ಬೀದಿಗೆ ಇನ್ನೂ ಯಾರೂ ತಲುಪಲಾಗಿಲ್ಲ ಎಂಬುದನ್ನು ನೇರವಾಗಿ ಹೇಳಬೇಕು, ಅದಕ್ಕೆ ಆ ಬೀದಿಯನ್ನು ಬಲ್ಲವರೇ ಮೈಕಿನ ಮುಂದೆ ಇರಬೇಕು. 1996ರ ದೂರಸಂಪರ್ಕ ಕಾಯ್ದೆ ಒಡೆತನದ ಮಿತಿಗಳನ್ನು ಸಡಿಲಿಸಿದ ಮೇಲೆ ಹಲವು ಕೇಂದ್ರಗಳಲ್ಲಿ ರಾತ್ರಿ ಕಂಪ್ಯೂಟರ್ ಹೊರತು ಯಾರೂ ಇಲ್ಲದಂತಾದದ್ದು ಈ ಕಾರಣಕ್ಕೆ ದೊಡ್ಡ ನಷ್ಟ. 2002ರ ಜನವರಿಯ ಒಂದು ರಾತ್ರಿ ನಾರ್ತ್ ಡಕೋಟದ ಮೈನಾಟ್‌ನಲ್ಲಿ ರೈಲು ಹಳಿ ತಪ್ಪಿ ಅಮೋನಿಯ ಸೋರಿದಾಗ ಬಾನುಲಿಯ ಮೂಲಕ ಊರಿಗೆ ಬೇಗ ಎಚ್ಚರಿಕೆ ಮುಟ್ಟಿಸಲಾಗಲಿಲ್ಲ. ತಪ್ಪು ಕೇಂದ್ರದ್ದೋ ಪೊಲೀಸರ ಉಪಕರಣದ್ದೋ ಎಂಬ ವಾದ ಬಹುಕಾಲ ನಡೆಯಿತು.

ಈಗ ವಿದ್ಯುತ್ ಕಾರುಗಳ ಕೆಲವು ತಯಾರಕರು ಮಧ್ಯಮ ತರಂಗದ ರೇಡಿಯೊವನ್ನೇ ಕೈಬಿಡುತ್ತಿದ್ದಾರೆ. ಇದನ್ನು ತಡೆದು, ಪ್ರತಿ ಹೊಸ ವಾಹನದಲ್ಲೂ ಅದು ಇರಲೇಬೇಕೆನ್ನುವ ಮಸೂದೆಯೊಂದು 2023ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದಿತು. ಅದನ್ನು ಮಂಡಿಸಿದವರಲ್ಲಿ ಒಬ್ಬರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಮಾರ್ಕಿ.