ಬೇಸಿಗೆಯಲ್ಲಿ ಎಲ್ಲ ಪ್ಲಾಟೂ ಚಂದ

ಪ್ಲಾಟು ತೋರಿಸಲು ಬಂದ ಏಜೆಂಟರಿಗೆ ಮೊದಲು ದರ ಕೇಳಬೇಡಿ. ‘2019ರ ಮಹಾಪೂರದಾಗ ನೀರ ಎಲ್ಲೀತನಕ ಬಂದಿತ್ರಿ?’ ಎಂದು ಕೇಳಿ. ‘ಇಲ್ಲಿಗೇನ್ ಬಂದಿಲ್ಲ ಬಿಡ್ರಿ ಸಾಹೇಬ್ರ’ ಎಂಬ ಉತ್ತರ ಸಿದ್ಧವಿರುತ್ತದೆ. ತಲೆಯಾಡಿಸಿ, ಪಕ್ಕದ ಮನೆಯ ಹಿತ್ತಲಿಗೆ ಹೋಗಿ. ಮುಂದಿನ ಗೋಡೆಗೆ ಬಣ್ಣ ಬಳಿದಿರುತ್ತಾರೆ. ದನದ ಕೊಟ್ಟಿಗೆಗೆ ಯಾರೂ ಬಳಿಯುವುದಿಲ್ಲ. ಅಲ್ಲಿ ಮೊಳಕಾಲೆತ್ತರಕ್ಕೋ ಎದೆಯೆತ್ತರಕ್ಕೋ ರಾಡಿಯ ಗೆರೆ ಉಳಿದಿದ್ದರೆ ಏಜೆಂಟರ ಮಾತು ಅಲ್ಲಿಗೇ ಮುಗಿಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಜಾಗದ ಪರೀಕ್ಷೆ ಎಂದರೆ ಮುಕ್ಕಾಲು ಪಾಲು ನೀರಿನ ಪರೀಕ್ಷೆ. ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ, ದೂಧಗಂಗೆ ಯಡೂರ ಭಾಗದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೊಯ್ನಾದಿಂದ ಬಿಟ್ಟ ನೀರೂ ಪಂಚಗಂಗೆಯ ನೀರೂ ಕೂಡಿ ಕೃಷ್ಣೆ ತುಂಬಿ ಹರಿದಾಗ ದೂಧಗಂಗೆ ಮುಂದೆ ಹೋಗಲು ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ. ನಮ್ಮಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದಾಗಲೂ ಸದಲಗಾ ಕಡೆಯ ಹೊಲಗಳಲ್ಲಿ ನೀರು ಏರುವುದು ಇದರಿಂದಲೇ. 2019ರಲ್ಲೂ 2021ರಲ್ಲೂ ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಬಂದ್ ಮಾಡಿತ್ತು. ‘ಹೈವೇ ಟಚ್’ ಎಂಬ ಜಾಹೀರಾತು ಓದುವಾಗ ಇದು ನೆನಪಿರಲಿ.

ಹಾಗಾದರೆ ನದಿಯಿಂದ ದೂರ ಹೋದರೆ ಸಾಕೆ? ಅಥಣಿ ತಾಲ್ಲೂಕನ್ನೇ ನೋಡಿ. ಸತ್ತಿ, ದರೂರ ಕಡೆ ಪ್ರವಾಹದ ಭಯ. ತೆಲಸಂಗದ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರಿನದೇ ಚಿಂತೆ. ಅಲ್ಲಿ ಪಕ್ಕದವರ ಬೋರ್‌ವೆಲ್ ಏಪ್ರಿಲ್‌ನಲ್ಲಿ ಎಷ್ಟು ಹೊತ್ತು ನೀರು ಎತ್ತುತ್ತದೆ ಎಂದು ವಿಚಾರಿಸಿ. ಇವೆರಡರ ನಡುವೆ ಮೂರನೆಯ ಸಂಕಟವೊಂದಿದೆ: ಸವಳು-ಜವಳು. ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಕೆಟ್ಟ ಹೊಲ ಬೆಳೆಗೆ ಬಾರದಾದಾಗ ಪ್ಲಾಟಾಗಿ ಮಾರಾಟಕ್ಕೆ ಬರುತ್ತದೆ. ಮೇಲೆ ಮುರುಮು ಹರಡಿದರೆ ಕಣ್ಣಿಗೆ ಬೀಳದು. ಬದುವಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯೇ ನೋಡಿ. ಆ ಉಪ್ಪು ತೇವದ ಜೊತೆ ಗೋಡೆಗೆ ಏರಿ, ಪ್ಲಾಸ್ಟರ್ ಉದುರಿಸಿ, ಇಟ್ಟಿಗೆಯನ್ನು ತಿನ್ನುತ್ತದೆ.

ಎರೆ ಮಣ್ಣಿನ ಸ್ವಭಾವವೂ ಗೊತ್ತಿರಬೇಕು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಮನೆಯ ಗೋಡೆಯೂ ಅದರ ಜೊತೆ ಸೀಳುತ್ತದೆ. ಒಂದು ಮೂಲೆಯಲ್ಲಿ ಗುಂಡಿ ತೋಡಿಸಿ, ಗಟ್ಟಿ ಮುರುಮು ಎಷ್ಟು ಅಡಿಗೆ ಸಿಗುತ್ತದೆ ನೋಡಿ. ಅಡಿಪಾಯದ ಖರ್ಚನ್ನು ಸೇರಿಸಿದರೆ ಎಷ್ಟೋ ಸಲ ‘ಅಗ್ಗದ’ ಗುಂಟೆಯೇ ದುಬಾರಿ.

ಇನ್ನು ಕಾಗದ. ಉತಾರದಲ್ಲಿ ಎಲ್ಲರೂ 9ನೇ ಕಾಲಂ ನೋಡಿ ಮಾಲೀಕರ ಹೆಸರು ಸರಿಯಿದೆ ಎಂದು ಮಡಚಿಡುತ್ತಾರೆ. ಸಾಲ, ಇತರರ ಹಕ್ಕು ಇರುವುದು 11ರಲ್ಲಿ. ‘ಎನ್‌ಎ ಆಗೇತ್ರಿ’ ಎಂದರೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆದ ಕೃಷಿಯೇತರ ಆದೇಶದ ಪ್ರತಿ ಕೇಳಿ. ಮೋಜಣಿ ಮಾಡಿಸಿ, ಹದ್ದಿನ ಕಲ್ಲನ್ನು ನಿಮ್ಮ ಕಣ್ಣೆದುರೇ ನೆಡಿಸಿ.

ಮಳಿಗೆ ಕಟ್ಟುವವರು ಜನ ಓಡಾಡುವ ದಿಕ್ಕನ್ನೂ ನೋಡಬೇಕು. ಮೀರಜ–ಲೋಂಡಾ ರೈಲು ಹಳಿ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೇಲೆ ಹೋಗುತ್ತದೆ. ನಿಪ್ಪಾಣಿ, ಅಥಣಿಗಳ ವ್ಯಾಪಾರವೆಲ್ಲ ರಸ್ತೆಯ ಮೇಲೆಯೇ ನಿಂತಿದೆ. ಕಾರ್ಖಾನೆಯ ದಾರಿಯಲ್ಲಿರುವ ಮಳಿಗೆಯ ಮುಂದೆ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತರೆ ಗಿರಾಕಿ ಗಾಡಿ ನಿಲ್ಲಿಸುವುದೆಲ್ಲಿ? ಚಿಕ್ಕೋಡಿಯಲ್ಲಿ ‘ನಾಳೆ ಜಿಲ್ಲಾ ಆಗತೈತಿ’ ಎಂಬ ಮಾತಿಗೂ ದರ ಹಚ್ಚುತ್ತಾರೆ. ಆ ಬೇಡಿಕೆ ಹಳೆಯದು, ನ್ಯಾಯವಾದದ್ದೇ ಇರಬಹುದು; ಆದರೆ ಘೋಷಣೆಯಾಗದ ಜಿಲ್ಲೆಗೆ ಇಂದೇ ಹಣ ಕೊಡಬಾರದು.

ನನ್ನ ಸಲಹೆ ಇಷ್ಟೇ: ಶ್ರಾವಣದಲ್ಲೊಮ್ಮೆ, ಕಬ್ಬಿನ ಹಂಗಾಮಿನಲ್ಲೊಮ್ಮೆ ಜಾಗ ನೋಡದೆ ಮುಂಗಡ ಕೊಡಬೇಡಿ. ‘ನಾಳೆನ ಸಂಚಕಾರ ಕೊಡ್ರಿ, ಇಲ್ಲಾಂದ್ರ ಬ್ಯಾರೇದವ್ರಿಗಿ ಹೋಗತೈತಿ’ ಎಂದು ಅವಸರ ಮಾಡಿದರೆ, ಹೋಗಲಿ ಬಿಡಿ.