ಗುಡ್ಡದ ಸೀಮೆಯ ಮೊದಲ ಸೈಕಲ್ಲು: ಒಂದು ಗುಣವಿವೇಚನೆ

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ನೆಲದಲ್ಲಿ ಒಂದು ಮೈಲಿಯಷ್ಟು ಸಮತಟ್ಟಾದ ರಸ್ತೆಯನ್ನು ಹುಡುಕಿ ತೆಗೆಯುವುದು ಸುಲಭವಲ್ಲ. ಅಡಕೆಯ ತೋಟ ತಗ್ಗಿನ ಬೈಲಿನಲ್ಲಿ, ಮನೆ ಅದರ ಮೇಲಣ ಇಳಿಜಾರಿನಲ್ಲಿ, ಬಸ್ಸು ಹೋಗುವ ದಾರಿ ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿ ಇರತಕ್ಕ ಈ ಸೀಮೆಯಲ್ಲಿ ಸೈಕಲ್ಲೆಂಬುದು ಎಂದೂ ಬಯಲುಸೀಮೆಯಲ್ಲಿ ಪಡೆದಷ್ಟು ಪ್ರತಿಷ್ಠೆಯನ್ನು ಪಡೆಯಲಿಲ್ಲ. ನಮ್ಮ ನಾಡಿನ ಸೈಕಲ್ ಪಂದ್ಯದ ಪರಂಪರೆ ವಿಜಯಪುರ, ಬಾಗಲಕೋಟೆಗಳ ವಿಸ್ತಾರವಾದ ಬಯಲಿನಲ್ಲಿ ಬೆಳೆದುದು ಇಲ್ಲಿ ಸ್ಮರಣೀಯ. 2006-07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದ ಒಂಟಿ ಗೇರಿನ ಸೈಕಲ್ಲುಗಳು ಅಲ್ಲಿ ಮಕ್ಕಳನ್ನು ಹೊತ್ತುಕೊಂಡು ಶಾಲೆಗೆ ಹೋದರೆ, ಇಲ್ಲಿ ಚಡಾವು ಬಂದಾಗಲೆಲ್ಲ ಮಕ್ಕಳೇ ಇಳಿದು ಅವನ್ನು ತಳ್ಳಬೇಕಾಗುತ್ತಿತ್ತು.

ಇಂಥ ನೆಲದಲ್ಲಿ ಈಚೆಗೆ ತರುಣರು ರೋಡ್ ಬೈಕಿನ, ಎಂದರೆ ಬಾಗಿದ ಹ್ಯಾಂಡಲ್ಲು, ತೆಳುವಾದ ಟಯರುಗಳುಳ್ಳ ಹಗುರ ಸೈಕಲ್ಲಿನ, ಮೋಹಕ್ಕೆ ಒಳಗಾಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಮೊದಲ ಬಾರಿಗೆ ಇಪ್ಪತ್ತೈದರಿಂದ ಐವತ್ತು ಸಾವಿರ ರೂಪಾಯಿಗಳನ್ನು ಕೈಯಲ್ಲಿ ಹಿಡಿದು ಹೊರಟವನ ಮುಂದೆ ಮಾರಾಟಗಾರರು ಇಡುವ ಮಾನದಂಡಗಳು—ಎಷ್ಟು ಕಿಲೋ ತೂಕ, ಯಾವ ಲೋಹದ ಫ್ರೇಮು, ಎಷ್ಟು ಗೇರು, ಯಾವ ಕಂಪೆನಿಯ ಹೆಸರು—ಸಮತಲಭೂಮಿಯಲ್ಲಿ ಹುಟ್ಟಿದ ಮಾನದಂಡಗಳು. ಈ ಮೂರು ತಾಲೂಕುಗಳ ಮಟ್ಟಿಗೆ ಅವುಗಳೆಲ್ಲಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ ಒಂದುಂಟು: ಈ ಸೈಕಲ್ಲು ಎಷ್ಟು ನಿಧಾನವಾಗಿ ಹೋಗಬಲ್ಲುದು?

ಬೆಟ್ಟವೆಂದೊಡನೆ ಎಲ್ಲರ ಮನಸ್ಸೂ ಘಾಟಿಯ ಕಡೆಗೆ ಹರಿಯುತ್ತದೆ. ಸುಳ್ಯದಿಂದ ಅರಂತೋಡಿನ ಮೇಲೆ ಸಂಪಾಜೆಯನ್ನು ಸೇರಿ, ಅಲ್ಲಿಂದ ಮಡಿಕೇರಿಗೆ ಏರುವ ದಾರಿ ಸುಮಾರು 28 ಕಿಲೋಮೀಟರುಗಳಲ್ಲಿ ಸಾವಿರ ಮೀಟರಿನಷ್ಟು ಎತ್ತರವನ್ನು ಗಳಿಸುತ್ತದೆ. ಎಂದರೆ ನೂರು ಮೀಟರಿಗೆ ಸರಾಸರಿ ನಾಲ್ಕು ಮೀಟರಿಗೂ ಕಡಿಮೆ. ತುಂಬಿದ ಬಸ್ಸೂ ಲಾರಿಯೂ ಏರಬೇಕೆಂದು ಸುತ್ತುಬಳಸಿ ಕಡಿದ ದಾರಿಯಾದುದರಿಂದ ಅದು ಸವಾರನಿಂದ ಅಪೇಕ್ಷಿಸುವುದು ತಾಳ್ಮೆಯನ್ನೇ ಹೊರತು ವಿಶೇಷವಾದ ಬಲವನ್ನಲ್ಲ. ನಿಜವಾದ ಪರೀಕ್ಷೆ ನಡೆಯುವುದು ಬೈಲಿನ ಮನೆಯಿಂದ ಮುಖ್ಯರಸ್ತೆಗೆ ನೇರವಾಗಿ ಏರುವ ಮುನ್ನೂರು ನಾನೂರು ಮೀಟರಿನ ಕಾಂಕ್ರೀಟು ದಾರಿಯಲ್ಲಿ. ಜೀಪೂ ಮೊದಲ ಗೇರಿಗೆ ಇಳಿಯಬೇಕಾಗುವ ಅಂಥ ಚಡಾವಿನಲ್ಲಿ ನೂರಕ್ಕೆ ಹತ್ತು ಹನ್ನೆರಡರ ಏರು ಅಪರೂಪವಲ್ಲ. ಘಾಟಿಯನ್ನು ವರ್ಷಕ್ಕೆ ನಾಲ್ಕು ಸಲ ಏರುವವನೂ ಮನೆಯ ಚಡಾವನ್ನು ಹೊರಟಾಗಲೆಲ್ಲ ಏರಲೇಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಆಗಲಿ. ಅಭ್ಯಾಸ ಹೆಚ್ಚಿಲ್ಲದ ಆರೋಗ್ಯವಂತನೊಬ್ಬನು ಕೆಲಹೊತ್ತು ನಿರ್ವಹಿಸಬಲ್ಲ ಶಕ್ತಿಯನ್ನು 150 ವಾಟ್ ಎಂದಿಟ್ಟುಕೊಳ್ಳೋಣ. ನೂರಕ್ಕೆ ಹತ್ತರ ಏರಿನಲ್ಲಿ ಅವನ ವೇಗ ಗಂಟೆಗೆ ಆರೂವರೆ ಕಿಲೋಮೀಟರನ್ನು ಮೀರದು. ಮುಂದೆ 34 ಹಲ್ಲಿನ ದಂತಚಕ್ರ, ಹಿಂದೆ 28 ಹಲ್ಲಿನದು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 2.55 ಮೀಟರು ಮುಂದೆ ಹೋಗುತ್ತದೆ. ಆ ವೇಗದಲ್ಲಿ ಅವನು ನಿಮಿಷಕ್ಕೆ ನಲವತ್ತೆರಡು ಸುತ್ತನ್ನು ಮಾತ್ರ ಮಂಡಿಯ ಮೇಲೆ ಭಾರ ಹೇರಿ ತುಳಿಯಬೇಕು. ಹಿಂದಿನದನ್ನು 34 ಹಲ್ಲಿಗೆ ಏರಿಸಿದರೆ ಸುತ್ತಿಗೆ 2.1 ಮೀಟರು, ನಿಮಿಷಕ್ಕೆ ಐವತ್ತಕ್ಕಿಂತ ಹೆಚ್ಚು ಸುತ್ತು; ಕಾಲಿನ ಮೇಲಣ ಒತ್ತಡ ಆರನೆಯ ಒಂದಂಶಕ್ಕಿಂತಲೂ ಅಧಿಕವಾಗಿ ತಗ್ಗುತ್ತದೆ. ಅದೇ ಸವಾರನು ಹತ್ತಿಪ್ಪತ್ತು ಸಾವಿರ ಹೆಚ್ಚು ತೆತ್ತು ಎರಡು ಕಿಲೋ ಹಗುರವಾದ ಸೈಕಲ್ಲನ್ನು ಕೊಂಡನೆಂದರೆ ಅವನಿಗಾಗುವ ಲಾಭ 80ರಲ್ಲಿ ಎರಡು, ಎಂದರೆ ನಲವತ್ತರಲ್ಲಿ ಒಂದಂಶ. ಹೊಸ ಸವಾರನ ಹಣ ತೂಕ ಇಳಿಸುವುದಕ್ಕಿಂತ ಹಲ್ಲು ಹೆಚ್ಚಿಸುವುದಕ್ಕೆ ವಿನಿಯೋಗವಾಗತಕ್ಕದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಆದಾಗ್ಯೂ ಹಗುರವಾಗಿ ತುಳಿಯಗೊಡುವ ಚಿಕ್ಕ ಗೇರನ್ನು ದೌರ್ಬಲ್ಯದ ಲಕ್ಷಣವೆಂದು ತಿಳಿಯುವ ಅಭಿಮಾನವೊಂದು ಸೈಕಲ್ ಸವಾರರಲ್ಲಿ ಬಹುಕಾಲದಿಂದ ನೆಲೆಸಿದೆ. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಪಂದ್ಯದ ಸ್ಥಾಪಕನಾದ ಆನ್ರಿ ದೆಗ್ರಾಂಜ್‌ನು ಗೇರು ಬದಲಿಸುವ ಯಂತ್ರದ ವಿರೋಧಿಯಾಗಿದ್ದನು. 1910ರಲ್ಲಿ ಪಿರನೀಸ್ ಪರ್ವತಗಳ ಮಣ್ಣುದಾರಿಯಲ್ಲಿ ಜಗತ್ತಿನ ಉತ್ತಮೋತ್ತಮ ಸವಾರರೂ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗಬೇಕಾಯಿತು. ಆ ಯಂತ್ರಕ್ಕೆ ಪಂದ್ಯದಲ್ಲಿ ಪ್ರವೇಶ ದೊರೆತುದು 1937ರಲ್ಲಿ. ಇಂದು ವೃತ್ತಿಪರ ಸವಾರರೇ ಕಡಿದಾದ ಪರ್ವತಗಳಲ್ಲಿ ಹೆಚ್ಚು ಹಲ್ಲಿನ ಹಿಂದಿನ ದಂತಚಕ್ರಗಳನ್ನು ನಿಸ್ಸಂಕೋಚವಾಗಿ ಬಳಸುತ್ತಿರುವಾಗ, ಪುತ್ತೂರಿನ ವಿದ್ಯಾರ್ಥಿಯೋ ಸುಳ್ಯದ ಗುಮಾಸ್ತನೋ ದೆಗ್ರಾಂಜನ ಅಭಿಮಾನವನ್ನು ವಹಿಸಿಕೊಳ್ಳಬೇಕಾದ ಅಗತ್ಯ ಕಾಣದು.

ಈ ದೃಷ್ಟಿಯಿಂದ ಪೇಟೆಯಲ್ಲಿ ದೊರೆಯುವ ಸೈಕಲ್ಲುಗಳನ್ನು ನೋಡಿದರೆ ಅಗ್ಗದ ತುದಿಯಲ್ಲಿರುವುವು ರೂಪದಿಂದ ಪಂದ್ಯದ ಸೈಕಲ್ಲುಗಳೇ ಆಗಿದ್ದು, ಹಿಂದೆ ತಿರುಪಿನಿಂದ ಕೂರಿಸುವ 14ರಿಂದ 28 ಹಲ್ಲಿನ ಏಳು ಗೇರುಗಳ ಫ್ರೀವೀಲನ್ನು ಹೊಂದಿರುವುದುಂಟು. ಇವುಗಳ ದೋಷ ಎರಡು: ಏರಿಗೆ ಬೇಕಾದ ಗೇರು ಇಲ್ಲದಿರುವುದು ಒಂದು, ಮುಂದೆ ಉತ್ತಮಪಡಿಸಹೊರಟರೆ ಹಿಂದಿನ ಹಬ್ಬನ್ನೇ, ಹಲವು ಸಲ ಚಕ್ರವನ್ನೇ, ಬದಲಿಸಬೇಕಾಗುವುದು ಮತ್ತೊಂದು. ಮೊದಲು ಉಳಿಸಿದ ಹಣ ಅಲ್ಲಿ ಕೈಬಿಡುತ್ತದೆ. ಅದರ ಮೇಲಿನ ಶ್ರೇಣಿಯಲ್ಲಿ ಶಿಮಾನೊ ಕ್ಲಾರಿಸ್‌ನಂಥ ಎಂಟು ಗೇರಿನ ಜೋಡಣೆಯುಳ್ಳ, ಮುಂದೆ 50 ಮತ್ತು 34, ಹಿಂದೆ 32 ಹಲ್ಲಿನವರೆಗಿನ ಕ್ಯಾಸೆಟ್, ಎಂದರೆ ದಂತಚಕ್ರಗಳ ಗೊಂಚಲು, ಇರುವ ಸೈಕಲ್ಲುಗಳು ಬರುತ್ತವೆ. ಮೊದಲ ಸೈಕಲ್ಲಿಗೆ ನನ್ನ ಮತ ಇವುಗಳ ಪರವಾಗಿದೆ. ಗೇರುಗಳ ಒಟ್ಟು ಸಂಖ್ಯೆಗೆ ಮರುಳಾಗಬೇಕಾದುದಿಲ್ಲ. ಮಧ್ಯದ ಗೇರುಗಳ ನಡುವೆ ಅಂತರ ಸ್ವಲ್ಪ ಹೆಚ್ಚಾದರೂ ಕೊನೆಯ ಗೇರು ಚಿಕ್ಕದಾಗಿರುವುದೇ ಇಲ್ಲಿ ಶ್ರೇಯಸ್ಕರ.

ಗೇರಿನ ತರುವಾಯ ಮಳೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಲ್ಲಿ ಮಡ್‌ಗಾರ್ಡು ಕಟ್ಟಲು ತೂತೇ ಇಲ್ಲದ ಸೈಕಲ್ಲನ್ನು ಮಾರುವುದು ಛತ್ರಿಗೆ ಬಟ್ಟೆ ಹೊಲಿಯದೆ ಮಾರಿದಂತೆಯೇ ಸರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಮ್ಮಣ್ಣಿನ ನೀರು ರಿಮ್ಮಿಗೂ ಬ್ರೇಕಿನ ರಬ್ಬರಿಗೂ ನಡುವೆ ಸೇರಿ ಎರಡನ್ನೂ ಸವೆಸುತ್ತದೆ. ಇಳಿತದಲ್ಲಿ ಬ್ರೇಕು ಹಿಡಿಯಲು ತಡವಾಗುತ್ತದೆ. ಆದುದರಿಂದ ಗೇರು ಸಮನಾಗಿರುವ ಎರಡು ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕಿನದು ಗ್ರಾಹ್ಯ. ಆದರೆ ಡಿಸ್ಕಿನ ಆಸೆಗೆ ಗೇರನ್ನು ತ್ಯಜಿಸಲಾಗದು, ಏಕೆಂದರೆ ರಿಮ್ ಬ್ರೇಕಿನ ರಬ್ಬರನ್ನು ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ಪಾಚಿ ಕಟ್ಟಿದ ಕಾಂಕ್ರೀಟಿಗೂ ಕಿತ್ತುಹೋದ ಡಾಮರಿಗೂ 28 ಮಿಲಿಮೀಟರಿಗಿಂತ ತೆಳ್ಳನೆಯ ಟಯರು ತಕ್ಕುದಲ್ಲ. 32ಕ್ಕೆ ಎಡೆಯಿದ್ದರೆ ಇನ್ನೂ ಲೇಸು. ಈ ಚಕ್ರಗಳಿಗೆ ತಕ್ಕ ಟ್ಯೂಬು ಸಣ್ಣ ಪೇಟೆಯ ಎಲ್ಲ ಅಂಗಡಿಗಳಲ್ಲೂ ಸಿಕ್ಕೀತೆಂದು ನಂಬದೆ ಎರಡನ್ನು ಮನೆಯಲ್ಲಿಟ್ಟುಕೊಳ್ಳುವುದು ವಿವೇಕ.

ಇಷ್ಟೆಲ್ಲ ಬೇಕಾದರೆ ನೇರ ಹ್ಯಾಂಡಲಿನ, ಮುಂದೆ ಮೂರು ದಂತಚಕ್ರಗಳ ಹೈಬ್ರಿಡ್ ಸೈಕಲ್ಲೇ ಸಾಲದೆ ಎಂದು ಒಬ್ಬರು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದುದು. ಮುಂದೆ 28, ಹಿಂದೆ 34 ಹಲ್ಲಿರುವ ಹೈಬ್ರಿಡ್ಡು ಬೈಲಿನ ಚಡಾವನ್ನು ಮೇಲೆ ಹೇಳಿದ ರೋಡ್ ಬೈಕುಗಳಿಗಿಂತ ಸುಲಭವಾಗಿ ಏರುತ್ತದೆ, ಬೆಲೆಯೂ ಕಡಿಮೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಹೋಗತಕ್ಕವನು ಅದನ್ನೇ ಕೊಳ್ಳಲಿ. ಪುತ್ತೂರಿನಿಂದ ಕಾವು, ಜಾಲ್ಸೂರುಗಳ ಮೇಲೆ ಸುಳ್ಯಕ್ಕೂ, ಉಪ್ಪಿನಂಗಡಿಯಿಂದ ಕಡಬದ ಮೇಲೆ ಸುಬ್ರಹ್ಮಣ್ಯಕ್ಕೂ, ಒಂದು ದಿನ ಮಡಿಕೇರಿಗೂ ಹೋಗಬಯಸುವವನಿಗೆ ಬಾಗಿದ ಹ್ಯಾಂಡಲ್ಲು ಕೈಯಿಡಲು ಮೂರು ನೆಲೆಗಳನ್ನು ಒದಗಿಸುವುದರಿಂದ ತಾಸುಗಟ್ಟಲೆಯ ಸವಾರಿ ಸಹ್ಯವಾಗುತ್ತದೆ. ರೋಡ್ ಬೈಕಿನ ಸಮರ್ಥನೆ ಈ ದೂರದ ದಾರಿಯಲ್ಲಿದೆಯೇ ಹೊರತು ಅದರ ವೇಗದ ಖ್ಯಾತಿಯಲ್ಲಿಲ್ಲ.

ಕೊಳ್ಳುವವನು ಮೊದಲು ತನ್ನ ಮೈಯಳತೆಗೆ ಒಪ್ಪುವ ಫ್ರೇಮನ್ನು ಆರಿಸಿಕೊಳ್ಳಲಿ. ಬಳಿಕ ಅಂಗಡಿಯ ಮುಂದಿನ ಸಮನಾದ ಅಂಗಳದಲ್ಲಿ ಒಂದು ಸುತ್ತು ಹಾಕಿ ತೃಪ್ತನಾಗದೆ, ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲನ್ನೂ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲನ್ನೂ ತಾನೇ ಎಣಿಸಲಿ. ಹಿಂದಿನದು ಮುಂದಿನದಕ್ಕೆ ಸಮ ಅಥವಾ ಸಮೀಪವಾಗಿರದಿದ್ದರೆ, ಕೊಳ್ಳುವ ಮುನ್ನವೇ ಕ್ಯಾಸೆಟ್ಟನ್ನು, ಗೇರು ಬದಲಿಸುವ ಯಂತ್ರಕ್ಕೆ ಅದು ಒಗ್ಗುವಷ್ಟರ ಮಟ್ಟಿಗೆ, ಬದಲಿಸಿ ಕೊಡಲು ಕೇಳಲಿ. ಬೆಲೆಯಲ್ಲಿರುವ ವ್ಯತ್ಯಾಸವನ್ನಷ್ಟೇ ಪಡೆದು ಈ ಕೆಲಸ ಮಾಡಿಕೊಡುವ ಅಂಗಡಿ ಎರಡು ಸಾವಿರ ದುಬಾರಿಯಾದರೂ, ಹಗುರವಾದ ಫ್ರೇಮಿಗೆ ರಿಯಾಯಿತಿ ಕೊಟ್ಟು ಕಳಿಸುವ ಅಂಗಡಿಗಿಂತ ಈ ಸೀಮೆಯ ಸವಾರನಿಗೆ ಹೆಚ್ಚು ಹಿತಕರ.